ಮುಂಭಾಗವಿಲ್ಲದ ನೌಕೆ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆರದೆಯೂ ಹೆಗ್ಗಣವನ್ನು ಮುದ್ದು ಮಾಡುವವರಿದ್ದಾರೆ. ನಾನು ಆ ಪೈಕಿ. ಐವತ್ತೆರಡು ವರ್ಷ ವಯಸ್ಸಿನ, ಯಶವಂತಪುರದ ವಿಮಾ ಕಚೇರಿಯೊಂದರಲ್ಲಿ ಫೈಲು ನೋಡುವ ಗೃಹಸ್ಥನೊಬ್ಬ, ಟೀವಿ ಧಾರಾವಾಹಿಯಲ್ಲಿ ಮಾತ್ರ ಹಾರುವ ಒಂದು ಕುರೂಪಿ ಆಕಾಶನೌಕೆಯ ಪರವಾಗಿ ಆರು ವರ್ಷದಿಂದ ವಕಾಲತ್ತು ವಹಿಸಿದ್ದಾನೆಂದರೆ ನೀವು ನಗಬಹುದು. ನನ್ನ ಹೆಂಡತಿ ಸುಮಿತ್ರ ನಗುವುದನ್ನು ಬಿಟ್ಟೇ ಬಹಳ ದಿನವಾಯಿತು.

ಯಲಹಂಕ, ಹೆಬ್ಬಾಳದ ಸುತ್ತಮುತ್ತ ಇರುವ ನಾವು ಒಂಬತ್ತು ಜನ ಬಾಹ್ಯಾಕಾಶ ಕಥೆಗಳ ಹುಚ್ಚರು. ನಮ್ಮದೊಂದು ವಾಟ್ಸಾಪ್ ಗುಂಪಿದೆ. ತಿಂಗಳಿಗೊಂದು ಭಾನುವಾರ ಅಲ್ಲಾಳಸಂದ್ರ ಕೆರೆಯ ಹತ್ತಿರದ ದರ್ಶಿನಿಯಲ್ಲಿ ಸೇರಿ, ಖಾಲಿ ದೋಸೆ ತಿನ್ನುತ್ತ, ಯಾವ ನೌಕೆ ಅಂದ, ಯಾವುದು ಅಸಹ್ಯ ಎಂದು ತೀರ್ಪು ಕೊಡುತ್ತೇವೆ. ಕೊಡೆ ತಿರುಗಿಸಿಟ್ಟಂತಿದ್ದ ನೌಕೆಯೊಂದರ ವಿಷಯದಲ್ಲಿ ಗುಂಪು ಎರಡು ಹೋಳಾಗಿ, ಒಂದು ತಿಂಗಳು ಬೇರೆ ಬೇರೆ ಟೇಬಲ್ಲಿನಲ್ಲಿ ಕೂತಿದ್ದೂ ಉಂಟು. ಆದರೆ ನನ್ನ ನೌಕೆಯ ವಿಷಯದಲ್ಲಿ ಮಾತ್ರ ಉಳಿದ ಎಂಟೂ ಜನ ನನ್ನ ವಿರುದ್ಧ ಒಂದೇ ಪಕ್ಷ. ಅದು ಅಡ್ಡ ಮಲಗಿಸಿದ ಗ್ರೈಂಡರಿನಂತಿದೆ. ಒಂದು ಪಕ್ಕದಲ್ಲಿ ಮೂರು ಕೊಳವೆ, ಇನ್ನೊಂದು ಪಕ್ಕ ಬೋಳು, ಹೊಟ್ಟೆಯ ಕೆಳಗೊಂದು ಗುಂಡು ಮುಚ್ಚಳ.

“ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ. ಗಾಳಿ ಸೀಳೋ ಚೂಪು ಮೂತಿ ಯಾಕ್ರೀ ಬೇಕು?” ಎಂಬುದು ನನ್ನ ವಾದ.

“ಗಾಳಿ ಇಲ್ಲ ಸರಿ ಗುರು, ನೋಡೋರಿಗೆ ಕಣ್ಣೂ ಇಲ್ವಾ?” ಎನ್ನುತ್ತಾನೆ ಮಂಜ. ಬ್ಯಾಟರಾಯನಪುರದಲ್ಲಿ ಅವನದು ಸ್ಕೂಟರ್ ಬಿಡಿಭಾಗಗಳ ಅಂಗಡಿ. ಕಾಲೇಜಿನಲ್ಲಿ ಪಾಠ ಮಾಡುವ ಶ್ರುತಿ ಇನ್ನೂ ಮೆತ್ತಗೆ ಚುಚ್ಚುತ್ತಾಳೆ: “ಅದನ್ನ ಡಿಸೈನ್ ಮಾಡ್ತಿದ್ದೋರು ಅರ್ಧದಲ್ಲೇ ಊಟಕ್ಕೆ ಎದ್ದು ಹೋಗಿದಾರೆ ಅನ್ಸುತ್ತೆ ಸಾರ್.”

ಒಂದು ಭಾನುವಾರ ನನಗೆ ರೇಗಿತು. “ಅದರ ಮಾಡೆಲ್ ಮಾಡ್ತೀನಿ. ಆಯುಧಪೂಜೆ ದಿನ ಎಲ್ಲರೂ ಮನೆಗೆ ಬನ್ನಿ. ಒಬ್ಬರಾದ್ರೂ ಚೆನ್ನಾಗಿಲ್ಲ ಅಂದ್ರೆ ಗುಂಪು ಬಿಡ್ತೀನಿ,” ಎಂದುಬಿಟ್ಟೆ. ದರ್ಶಿನಿಯ ಮೆಟ್ಟಿಲು ಇಳಿಯುವಷ್ಟರಲ್ಲೇ ಆಡಿದ ಮಾತಿನ ಬೆಲೆ ಗೊತ್ತಾಯಿತು. ಮನೆಯಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ, ಕಚೇರಿಯಲ್ಲಂತೂ ಕೇಳುವುದೇ ಬೇಡ. ನಾನು ಬಾಯಿ ತೆರೆದರೆ ಎದುರುತ್ತರವಾದರೂ ಸಿಗುವುದು ಆ ಗುಂಪಿನಲ್ಲೇ. ಅದನ್ನೇ ಪಣಕ್ಕಿಟ್ಟಿದ್ದೆ. ನಾಲ್ಕು ತಿಂಗಳು ಪೈಪಿನ ತುಂಡು, ಹಳೆಯ ಟಿಫಿನ್ ಡಬ್ಬಿ, ಅಂಟು ಎಂದು ಒದ್ದಾಡಿ ನೌಕೆ ಕಟ್ಟಿದೆ.

ಹಬ್ಬದ ದಿನ ಎಂಟೂ ಜನ ಬಂದು ಕೂತರು. ನೌಕೆಯ ಮೇಲಿನ ಬಟ್ಟೆ ತೆಗೆದೆ. ಮಂಜ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡ. ಅಷ್ಟರಲ್ಲಿ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಪೂಜೆ ಮುಗಿಸಿದ ಸುಮಿತ್ರ ತಟ್ಟೆ ಹಿಡಿದು ಬಂದಳು. “ನಾಲ್ಕು ತಿಂಗಳಿಂದ ಇದರ ಜೊತೇಲೇ ಸಂಸಾರ ಮಾಡಿದೀರ. ಇದಕ್ಕೂ ಒಂದು ಹೂವಿಡ್ತೀನಿ,” ಎಂದು ಬಗ್ಗಿದವಳು ಹಾಗೇ ನಿಂತಳು. “ರೀ, ಇದರ ಮುಂಭಾಗ ಯಾವ್ದು?”

ಸ್ಕೂಟರಿಗೆ ದೀಪವಿರುವುದೇ ಮುಖ. ಮಿಕ್ಸಿಗೆ ಗುಂಡಿ ಇರುವ ಕಡೆ ಕುಂಕುಮ. ನನ್ನ ನೌಕೆಗೆ? ಆರು ವರ್ಷ ಅದರ ಪರ ಕಾದಾಡಿದ ನನಗೆ ಅದು ಯಾವ ಕಡೆಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ಧಾರಾವಾಹಿಯಲ್ಲಿ ಅದು ಒಂದೊಂದು ಕಂತಿನಲ್ಲಿ ಒಂದೊಂದು ಕಡೆ ಮುಂದಾಗಿ ಹಾರುತ್ತದೆ. ಧೈರ್ಯ ಮಾಡಿ ಕೊಳವೆಗಳನ್ನು ತೋರಿಸಿದೆ.

“ಅದು ಬೆಂಕಿ ಬರೋ ಕಡೆ ಸಾರ್,” ಎಂದಳು ಶ್ರುತಿ.

“ಇಲ್ಲ ಕಣಮ್ಮ, ಬೋಳು ಇರೋದು ಹಿಂದೆ,” ಎಂದ ಮಂಜ. ಎಂಟು ಜನ, ಹತ್ತು ಅಭಿಪ್ರಾಯ. ತಟ್ಟೆಯಲ್ಲಿ ಕರ್ಪೂರ ಉರಿದು ಮುಗಿಯಿತು. ಸುಮಿತ್ರಳಿಗೆ ಸಾಕಾಯಿತು. “ಮುಖ ಇಲ್ದೇ ಇದ್ರೆ ನಾವೇ ಕೊಡ್ಬೇಕಪ್ಪ,” ಎನ್ನುತ್ತ ನೌಕೆಯನ್ನು ಅನಾಮತ್ತಾಗಿ ಎತ್ತಿ ನಿಲ್ಲಿಸಿ, ಹೊಟ್ಟೆಯ ಮುಚ್ಚಳ ನಮ್ಮ ಕಡೆ ಬರುವಂತೆ ತಿರುಗಿಸಿದಳು. ಅದರ ಮೇಲೆ ಅರಿಶಿನ ಕುಂಕುಮ, ಈಗ ತಲೆಯ ಮೇಲೆ ಬಂದಿದ್ದ ಕೊಳವೆಗಳಿಗೆ ಸೇವಂತಿಗೆ.

ಎಲ್ಲರೂ ಮುಂದಕ್ಕೆ ಬಗ್ಗಿ ನೋಡಿದರು. ತಲೆ ಬಾಚಿಸಿಕೊಂಡು ಫೋಟೋಗೆ ನಿಂತ ದುಂಡು ಮಗುವಿನಂತೆ ಅದು ನಮ್ಮನ್ನೇ ನೋಡುತ್ತಿತ್ತು.

“ಒಪ್ಕೊಂಡೆ ಗುರು. ಚೆನ್ನಾಗಿದೆ,” ಎಂದ ಮಂಜ. ಶ್ರುತಿ ನಾಲ್ಕು ಫೋಟೋ ತೆಗೆದಳು. ಉಳಿದವರೂ ತಲೆಯಾಡಿಸಿದರು.

“ಮೂಲದಲ್ಲಿ ಆ ಮುಚ್ಚಳ ಕೆಳಗಿರುತ್ತೆ,” ಎಂದು ನಾನು ಎರಡು ಸಲ ಹೇಳಿದೆ. ಎಲ್ಲರ ಬಾಯಲ್ಲೂ ಕಡ್ಲೆಪುರಿ. “ಗೆದ್ರಲ್ಲ, ಇನ್ಯಾಕೆ ಮುಖ ಹಂಗಿಟ್ಕೊಂಡಿದೀರ?” ಎಂದಳು ಸುಮಿತ್ರ. ನನಗೂ ಗೊತ್ತಾಗಲಿಲ್ಲ.

ಮರುದಿನದಿಂದ ಗುಂಪು ತಣ್ಣಗಾಯಿತು. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ. ನಾನು ಏನು ಬರೆದರೂ ಮುಗಿದ ಕೈಗಳ ಚಿತ್ರ. ಮೂರು ದಿನ ತಡೆದೆ. ನಾಲ್ಕನೆಯ ದಿನ ಕಚೇರಿಯ ಊಟದ ಹೊತ್ತಿನಲ್ಲಿ ಬರೆದುಬಿಟ್ಟೆ: “ನಿಜ ಹೇಳ್ಬೇಕಂದ್ರೆ, ಆ ಶಿಪ್ ನೋಡೋಕೆ ಅಷ್ಟೇನೂ ಚೆನ್ನಾಗಿಲ್ಲ.”

ಎಂಟೂ ಜನ ನೌಕೆಯ ಪರ ವಹಿಸಿ ಒಟ್ಟಿಗೆ ನನ್ನ ಮೇಲೆ ಬಿದ್ದರು. ಕೊನೆಗೂ ಆ ದಿನದ ಊಟ ಮೈಗೆ ಹತ್ತಿತು.