ಬೆಸಗರಹಳ್ಳಿಯ ಅತ್ತೆಮ್ಮನೂ ನನ್ನ ಮರದ ಕೊಳವೆಯೂ

ಹೆರಿಗೆ ಮಾಡಿಸುವವರ ಮುಂದೆ ಬರುವಾಗ ಜನ ಯಾಕೋ ಬುದ್ಧಿಯನ್ನೂ ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಾರೆ. ಆಗ ಯುದ್ಧದ ಕಾಲ. ನಾನು ಮದ್ದೂರಿನ ಪುಟ್ಟ ಹೆರಿಗೆ ವಾರ್ಡಿನಲ್ಲಿ ನರ್ಸು. ವಾರಕ್ಕೊಮ್ಮೆ ಸುತ್ತಲ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡಿ ಬರಬೇಕಿತ್ತು. ಈ ಕೆಲಸದಲ್ಲಿ ಅರ್ಧ ಹೆರಿಗೆ ಮಾಡಿಸುವುದು, ಇನ್ನರ್ಧ ನಗು ತಡೆದುಕೊಳ್ಳುವುದು. ಬೆಸಗರಹಳ್ಳಿಯ ಒಂದೇ ಮನೆಯಲ್ಲಿ ಮೂರು ಸಲ ತಡೆದುಕೊಂಡೆ. ನಾಲ್ಕನೆಯ ಸಲ ಆಗಲಿಲ್ಲ.

೧. ಒಳಗಿನ ಸುದ್ದಿ

ಆ ಮನೆಯ ಸೊಸೆಗೆ ಚೊಚ್ಚಲು. ತವರಿನಲ್ಲಿ ಯಾರೂ ಇಲ್ಲದ್ದರಿಂದ ಬಾಣಂತನವೂ ಇಲ್ಲೇ. ಅತ್ತೆ ಕೆಮ್ಮಿದರೂ ಎದ್ದು ನಿಲ್ಲುವ ಹುಡುಗಿ ಅವಳು.

ನನ್ನ ಚೀಲದಲ್ಲಿ ಗೇಣುದ್ದದ ಮರದ ಕೊಳವೆಯೊಂದಿತ್ತು. ಅದರ ಅಗಲ ಬಾಯನ್ನು ಬಸುರಿಯ ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟರೆ ಮಗುವಿನ ಎದೆಬಡಿತ ಕೇಳುತ್ತದೆ. ಮೊದಲ ದಿನ ನಾನು ಕೇಳಿಸಿಕೊಳ್ಳುತ್ತಿದ್ದಾಗ ಅತ್ತೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಏನಂತೆ ಕಣವ್ವ?"

"ಚೆನ್ನಾಗಿದೆಯಂತೆ" ಎಂದೆ, ತಮಾಷೆಗೆ.

"ಅಂಗಾದ್ರೆ ಅದ್ಕೆ ಯೋಳು, ಅವ್ವನ್ನ ಒದೀಬ್ಯಾಡ ಅಂತ. ರಾತ್ರೆಲ್ಲಾ ಇವಳ್ಗೆ ನಿದ್ದೆ ಇಲ್ಲ. ಬೆಳಿಗ್ಗೆ ಕೊಟ್ಟಿಗೆ ಕೆಲ್ಸ ನನ್ ತಲೆಗೆ ಬತ್ತದೆ."

೨. ಮಾವನ ಹೊಟ್ಟೆ

ಮುಂದಿನ ವಾರ ಹೋದರೆ ಮಾವನವರು ಅಂಗಿ ಎತ್ತಿಕೊಂಡು ಜಗುಲಿಯ ಮೇಲೆ ಅಂಗಾತ ಮಲಗಿದ್ದರು.

"ನಂದೂ ವಸಿ ಕೇಳಮ್ಮ. ಒಳ್ಗೆ ಏನೋ ಓಡಾಡ್ತದೆ."

ಬೇಡವೆಂದರೆ ಬಿಡುವ ಆಸಾಮಿಯಲ್ಲ. ಕೊಳವೆ ಇಟ್ಟೆ. ಒಳಗೆ ಹಿಂದಿನ ರಾತ್ರಿಯ ಹುರುಳಿ ಬಸ್ಸಾರು ಗುಡುಗುಡು ಎನ್ನುತ್ತಿತ್ತು. ನಾನು ಮುಖ ಗಂಟಿಕ್ಕಿಕೊಂಡು ಕೇಳುತ್ತಿರುವುದನ್ನು ನೋಡಿ, ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಕೇಳಿದರು:

"ದಿನ ತುಂಬೈತಾ?"

೩. ಗಾಡಿಯಲ್ಲಿ ಜಾಗ

ನೋವು ಶುರುವಾದ ಕೂಡಲೇ ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಬನ್ನಿ ಎಂದು ಮನೆಮಂದಿಗೆಲ್ಲ ಬಾಯಿಪಾಠ ಮಾಡಿಸಿದ್ದೆ. ಒಂದು ಮಂಗಳವಾರ ಬಂದೇ ಬಂದರು. ಮಗ ಗಾಡಿ ಹೊಡೆದುಕೊಂಡು ಬಂದಿದ್ದ. ಮೊದಲು ಹಾಸಿಗೆ ಇಳಿಯಿತು. ಆಮೇಲೆ ಮಜ್ಜಿಗೆ ಗಡಿಗೆ, ರಾಗಿಹಿಟ್ಟು, ಸೌದೆ, ನನಗೆಂದು ಕಾಲು ಕಟ್ಟಿದ ಕೋಳಿ, ಮಾವ, ಕೊನೆಗೆ ಅತ್ತೆ. ಗಾಡಿ ಖಾಲಿಯಾಯಿತು.

"ಸೊಸೆ ಎಲ್ಲಿ?" ಎಂದೆ.

"ಜಾಗ ಸಾಲ್ನಿಲ್ಲ ಕಣವ್ವ" ಎಂದರು ಅತ್ತೆ. "ಎರಡ್ನೇ ಸಲಕ್ಕೆ ತತ್ತೀವಿ."

೪. ರಾಹುಕಾಲ

ಮಾವನನ್ನೂ ಕೋಳಿಯನ್ನೂ ಆಸ್ಪತ್ರೆಯ ಜಗುಲಿಯಲ್ಲೇ ಬಿಟ್ಟು, ಅತ್ತೆಯ ಜೊತೆ ನಾನೇ ಗಾಡಿ ಹತ್ತಿದೆ. ಹೋಗಿ ನೋಡಿದರೆ ಮಗುವಿನ ತಲೆ ಕಾಣುತ್ತಿದೆ. "ಜೋರಾಗಿ ಮುಕ್ಕಮ್ಮ" ಎಂದೆ ಸೊಸೆಗೆ.

"ಮುಕ್ಬ್ಯಾಡ" ಎಂದರು ಅತ್ತೆ. "ರಾವುಕಾಲ ಈಗ್ತಾನೆ ಬಂತು. ಅದು ಕಳೀಲಿ."

ಸೊಸೆ ಹಲ್ಲು ಕಚ್ಚಿ ತಡೆದುಕೊಂಡಳು. ಕೊಳವೆಗೆ ಕಿವಿಯಿಟ್ಟರೆ ಎದೆಬಡಿತ ನಿಧಾನವಾಗುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೀಗೆ ತಡೆದರೆ ಮಗು ಉಳಿಯುವುದಿಲ್ಲ ಎಂದೆ. ಅತ್ತೆಯ ಮುಖವೂ ಬಿಳಿಚಿತು, ಆದರೆ ಅವರಿಗೆ ರಾಹುವಿನ ಭಯವೇ ದೊಡ್ಡದು.

"ಈಗ ಉಟ್ಟಿದ್ರೆ ಮನೆಗೆ ಆಗಿಬರಾಕಿಲ್ಲ. ತಡ್ಕೊ ಅಂತ ನೀನೇ ಅದ್ಕೆ ಯೋಳವ್ವ."

ನನಗೆ ರೇಗಿಹೋಯಿತು. "ನೀವೇ ಹೇಳಿಕೊಳ್ಳಿ" ಎಂದು ಕೊಳವೆಯನ್ನು ಅವರ ಕೈಗೆ ತುರುಕಿದೆ.

ಅವರು ಮಂಡಿಯೂರಿದರು. ಸೆರಗು ಸರಿಮಾಡಿಕೊಂಡು, ಕೊಳವೆಯನ್ನು ಸೊಸೆಯ ಹೊಟ್ಟೆಗಿಟ್ಟು, ಅದರೊಳಗೆ ಹೇಳಿದರು: "ಲೋ ಮಗ, ನಿಮ್ಮಜ್ಜಿ ಕಣ್ಲಾ. ಈಗ್ಲೇ ಬರ್ಬ್ಯಾಡ. ವಸಿ ತಡ್ಕೊ, ಬೆಲ್ಲ ಕೊಡ್ತೀನಿ." ಆಮೇಲೆ ಕಿವಿ ಕೊಟ್ಟು ಉತ್ತರಕ್ಕೆ ಕಾದರು.

ನನ್ನಿಂದ ನಗು ತಡೆಯಲಾಗಲಿಲ್ಲ. ಅತ್ತೆಯೆಂದರೆ ನಡುಗುತ್ತಿದ್ದ ಸೊಸೆ ಬಾಯಿಗೆ ಸೆರಗು ತುರುಕಿಕೊಂಡಳು. ಅದೂ ಸಾಲದೆ ಹೊಟ್ಟೆ ಕುಲುಕಿ ಕುಲುಕಿ ನಕ್ಕಳು. ಆ ನಗುವಿನಲ್ಲಿ ತಡೆದುಕೊಂಡಿದ್ದೆಲ್ಲ ಬಿಟ್ಟುಹೋಗಿ ಮಗು ನನ್ನ ಕೈಗೇ ಬಂತು. ಹೆಣ್ಣು. ಒಂದು ಗಳಿಗೆ ಸುಮ್ಮನಿತ್ತು. ಬೆನ್ನು ಉಜ್ಜಿದ ಮೇಲೆ ಬೀದಿಗೆಲ್ಲ ಕೇಳುವಂತೆ ಅತ್ತಿತು.

ನಮ್ಮ ನಗು ನಿಂತಿತು. ರಾಹುಕಾಲ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಸೊಸೆ ಹೆದರುತ್ತಾ ಅತ್ತೆಯ ಮುಖ ನೋಡಿದಳು. ಅತ್ತೆ ಕೊಳವೆ ಹಿಡಿದುಕೊಂಡೇ ಮಗುವನ್ನು ಬಹಳ ಹೊತ್ತು ದಿಟ್ಟಿಸಿದರು.

"ರಾವುಗೂ ಎದ್ರಲಿಲ್ಲ, ನನ್ಗೂ ಎದ್ರಲಿಲ್ಲ. ನನ್ ಮೊಮ್ಮಗಳೇಯ, ಅನುಮಾನ ಇಲ್ಲ ಬುಡು. ಕೊಡಿಲ್ಲಿ" ಎಂದು ಎತ್ತಿ ಎದೆಗೊತ್ತಿಕೊಂಡರು. ಆಮೇಲೆ ಅದರ ಕಿವಿಗೆ ಕೊಳವೆಯಿಟ್ಟು ಹೇಳಿದರು:

"ಬೆಲ್ಲ ಮಾತ್ರ ಕೊಡಾಕಿಲ್ಲ."