ಭಾವಿ ಗೃಹಿಣಿ ಡುವೇನ್ ಮತ್ತು ದೊಡ್ಡ ಟೀ

ಸಂಘದ ಇತಿಹಾಸದಲ್ಲಿ ನನ್ನ ಹೆಸರು ಬರುವವರೆಗೆ ಗಡ್ಡ ಬೋಳಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿಬಿಟ್ಟೆ!

ಮಾಡದೆ ಇನ್ನೇನು? ನಮ್ಮೂರ ಹೈಸ್ಕೂಲಿನ ‘ಭಾವಿ ಗೃಹಿಣಿಯರ ಸಂಘ’ಕ್ಕೆ ಎಪ್ಪತ್ತೈದು ತುಂಬುತ್ತಿತ್ತು. ಈಗೇನೋ ಹೆಸರಿನಿಂದ ಗೃಹಿಣಿಯನ್ನು ಹೊರಹಾಕಿ ನಾಯಕರನ್ನು ಕೂರಿಸಿದ್ದಾರೆ. ೧೯೭೪ರಲ್ಲಿ ಆ ಭಾಗ್ಯವೆಲ್ಲಿ? ಅಮೆರಿಕದಲ್ಲಿ ನಮ್ಮ ಇಡೀ ನೆಬ್ರಾಸ್ಕ ರಾಜ್ಯ ಹಲ್ಲು ಕಿರಿಯುತ್ತಿದ್ದಾಗ ಎದೆಯುಬ್ಬಿಸಿ ಸೇರಿದ ಮೊದಲ ಹುಡುಗ ನಾನು! ಸದಸ್ಯತ್ವದ ಚೀಟಿಯಲ್ಲಿ ‘ಭಾವಿ ಗೃಹಿಣಿ ಡುವೇನ್’ ಎಂದೇ ಇತ್ತು. ಫುಟ್‌ಬಾಲ್ ತಂಡದವರು ವರ್ಷಪೂರ್ತಿ ನನ್ನನ್ನು ‘ಅಮ್ಮಾ’ ಎಂದು ಕರೆದರು. ಇಷ್ಟು ನುಂಗಿಕೊಂಡವನಿಗೆ ಸ್ಮರಣ ಸಂಚಿಕೆಯಲ್ಲಿ ಒಂದು ಸಾಲಿಲ್ಲ! ಬರೆದವಳು ಯಾರು? ಆಗಿನ ಕಾರ್ಯದರ್ಶಿ, ಈಗಿನ ನನ್ನ ಹೆಂಡತಿ ಆರ್ಲಿಸ್!

“೧೯೫೩ರ ಉಪ್ಪಿನಕಾಯಿ ಸ್ಪರ್ಧೆಗೆ ಅರ್ಧ ಪುಟ ಕೊಟ್ಟಿದ್ದೀಯ. ನಾನೇನು ಸೌತೆಕಾಯಿಗಿಂತ ಕಡೆಯೇನೇ?”

“ಸೌತೆಕಾಯಿಗೆ ಮೂರನೇ ಬಹುಮಾನ ಬಂದಿತ್ತು ಕಣೋ.”

“‘ಹುಡುಗರೂ ಸೇರಿದರು’ ಅಂತ ಬರೆದು ಕೈತೊಳ್ಕೊಂಡಿದ್ದೀಯಲ್ಲ, ಯಾವ ಹುಡುಗ? ಅವನಿಗೆ ಅಪ್ಪ ಅಮ್ಮ ಹೆಸರಿಡ್ಲಿಲ್ವಾ?”

“ಇಟ್ಟಿದ್ರು. ನಾನೇ ಬೇಕಂತ ಬಿಟ್ಟೆ. ಕೆದಕಬೇಡ ಮಾರಾಯ.”

ಕೆದಕಬಾರದಂತೆ! ಸಮಾರಂಭದ ದಿನ ಎಲ್ಲರಿಗಿಂತ ಮೊದಲೇ ಶಾಲೆಯ ಅಡುಗೆ ಕೋಣೆಗೆ ನುಗ್ಗಿದೆ. ೭೪ರಲ್ಲಿ ನಾನೇ ಬರೆದಿಟ್ಟುಕೊಂಡಿದ್ದ ಚಾಕಲೇಟ್ ಕೇಕಿನ ಚೀಟಿ ಜೇಬಿನಲ್ಲಿತ್ತು. ಕೇಕು ತಿಂದ ಊರೇ ಎದ್ದು ನಿಂತು ನನ್ನ ಹೆಸರು ಕೂಗಬೇಕು!

ನಮ್ಮ ಕಡೆ ಅಡುಗೆ ಚೀಟಿಯಲ್ಲಿ ಇಂಗ್ಲಿಷಿನ ದೊಡ್ಡ ಟೀ ಅಕ್ಷರವೆಂದರೆ ದೊಡ್ಡ ಚಮಚ, ಚಿಕ್ಕ ಟೀ ಎಂದರೆ ಚಿಕ್ಕ ಚಮಚ. ನನ್ನ ಚೀಟಿಯಲ್ಲಿ ಅಡುಗೆ ಸೋಡಾದ ಮುಂದೆ ಆನೆ ಗಾತ್ರದ ಟೀ! ಜನ ಹೆಚ್ಚೆಂದು ಎಲ್ಲವನ್ನೂ ನಾಲ್ಕು ಪಟ್ಟು ಮಾಡಿ, ನಾಲ್ಕು ದೊಡ್ಡ ಚಮಚ ಸೋಡಾ ಸುರಿದೆ.

ಹತ್ತು ನಿಮಿಷಕ್ಕೆ ಕೇಕು ತಟ್ಟೆಯಿಂದ ಎದ್ದಿತು. ಇಪ್ಪತ್ತಕ್ಕೆ ಒವನ್ ತುಂಬಿ, ಕೆಂಡದಂತಿದ್ದ ಸರಳುಗಳ ಮೇಲೆ ಸುರಿಯಿತು. ಸುಮ್ಮನಿರದೆ ಬಾಗಿಲು ತೆಗೆದೆ ನೋಡಿ, ಭಗ್ ಎಂದಿತು! ಹೊಗೆ ಪಕ್ಕದ ಕೌಂಟಿಗೂ ಕಂಡಿತಂತೆ. ಎದೆಗೆ ಕೆಂಗುಲಾಬಿ ಸಿಕ್ಕಿಸಿಕೊಂಡು ಬಂದ ನೂರಿಪ್ಪತ್ತು ಹಳೆಯ ಗೃಹಿಣಿಯರು ಹುಲ್ಲಿನ ಮೇಲೆ ನಿಂತಿದ್ದಾಗ ಅಗ್ನಿಶಾಮಕ ವಾಹನ ಬಂತು. ಇಳಿದವನು ಮಿಲಾನ್, ಅದೇ ಫುಟ್‌ಬಾಲ್ ತಂಡದವನು.

“ಅಮ್ಮಾ! ಮತ್ತೆ ನೀನೇನಾ?”

“ಮತ್ತೆ ಅಂದ್ರೆ ಏನೋ? ಆವತ್ತು ಒವನ್ ಕೆಟ್ಟಿತ್ತು!” ಎಂದು ಗುಡುಗಿದೆ. ಐವತ್ತು ವರ್ಷದಿಂದ ಊರಿಗೆಲ್ಲ ಹಾಗೇ ಹೇಳಿಕೊಂಡು ಬಂದಿದ್ದೆ.

ಆರ್ಲಿಸ್ ನಿಟ್ಟುಸಿರಿಟ್ಟು ಹಳೆಯ ನಡಾವಳಿ ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು: “ಅಕ್ಟೋಬರ್ ೯, ೧೯೭೪. ಮೊದಲ ಹುಡುಗ, ಡುವೇನ್, ಸೇರಿದ. ಸೋಡಾಕ್ಕೆ ಚಿಕ್ಕ ಟೀ ಬದಲು ದೊಡ್ಡ ಟೀ ಬರೆದುಕೊಂಡ. ಅಗ್ನಿಶಾಮಕ ದಳಕ್ಕೆ ವಂದನೆಗಳು.”

ಪುಸ್ತಕ ಮುಚ್ಚಿದಳು. “ನಿನ್ನ ಮಾನ ಉಳೀಲಿ ಅಂತ ಬಿಟ್ಟಿದ್ದೆ ಕಣೋ.”

ಇದನ್ನು ಇತಿಹಾಸಕ್ಕೆ ಸೇರಿಸಲೇಬೇಕೆಂದು ನೂರಿಪ್ಪತ್ತು ಕೈಗಳು ಒಟ್ಟಿಗೆ ಎದ್ದವು. ನನ್ನ ಹೆಸರು ಇತಿಹಾಸಕ್ಕೆ ಸೇರಿತು, ಸೌತೆಕಾಯಿಯಷ್ಟೇ ಅರ್ಧ ಪುಟ!

ಪ್ರತಿಜ್ಞೆ ತೀರಿತಲ್ಲ, ಗಡ್ಡ ಬೋಳಿಸಲು ಕನ್ನಡಿ ಮುಂದೆ ಕೂತೆ. ಮೂರು ವಾರದ ಗಡ್ಡ! ಎಲ್ಲಿದೆ? ಒವನ್ ಆಗಲೇ ಬೋಳಿಸಿ ಮುಗಿಸಿತ್ತು, ಹುಬ್ಬಿನ ಸಮೇತ.