ಐಸುಪೆಟ್ಟಿಗೆಯ ಕೇಕು

ಬಾಯಿ ಮುಚ್ಚಿಕೊಂಡಿದ್ದರೆ ರೇಣುಕಯ್ಯನಿಗೆ ಯಾವ ಗ್ರಹಚಾರವೂ ಬರುತ್ತಿರಲಿಲ್ಲ. ಆದರೆ ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಬಾಯಿ ಮುಚ್ಚಿಕೊಂಡಿರಲಾರದ ಗುಮಾಸ್ತನೆಂದರೆ ಅವನೇ. ವರ್ಷದ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಬರಬೇಕಿದ್ದ ಡೆಪ್ಯುಟಿ ಕಮಿಷನರು ಶಿರಾದಲ್ಲೇ ಒಂದು ದಿನ ತಂಗಿಬಿಟ್ಟಿದ್ದರು. ಅವರ ಉಪಾಹಾರಕ್ಕೆಂದು ಅಮಲ್ದಾರ್ ಬಸವಲಿಂಗಯ್ಯನವರ ಹೆಂಡತಿ ಚನ್ನಮಲ್ಲಮ್ಮ ಮರಳು ತುಂಬಿದ ದಬರಿಯಲ್ಲಿಟ್ಟು, ಮೇಲೂ ಕೆಳಗೂ ಕೆಂಡ ಹಾಕಿ, ಮನೆಯಲ್ಲೇ ಕೇಕು ಮಾಡಿದ್ದರು. ವೈಶಾಖದ ಬಿಸಿಲು. ಶರಬತ್ತಿಗೆಂದು ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿದ ಐಸುಗಡ್ಡೆಯೇನೋ ಇತ್ತು, ಆದರೆ ಅಮಲ್ದಾರರ ಬಂಗಲೆ ಕುಲುಮೆಯ ಹಾಗೆ ಕಾದಿತ್ತು; ಇನ್ನೊಂದು ದಿನ ಕೇಕು ಕೆಡದಂತೆ ಇಡಲು ತಣ್ಣನೆಯ ಜಾಗ ಬೇಕಿತ್ತು.

"ನಮ್ಮನೆ ಒಳಕೋಣೆ ಬೆಟ್ಟದ ಬಂಡೆಗೇ ಆತ್ಕೊಂಡೈತೆ ಸ್ವಾಮಿ. ಬ್ಯಾಸಗೇಲೂ ಕಂಬಳಿ ಹೊದ್ಕೊಂಡೇ ಮಲಗ್ತೀವಿ," ಎಂದುಬಿಟ್ಟ ರೇಣುಕಯ್ಯ.

ಸಂಜೆಯ ಹೊತ್ತಿಗೆ ಪೆಟ್ಟಿಗೆ ಅವನ ಮನೆಗೇ ಬಂತು. ತಗಡಿನ ಡಬ್ಬಿಯೊಳಗೆ ಕೇಕು, ಡಬ್ಬಿಯ ಸುತ್ತ ಉಪ್ಪು ಬೆರೆಸಿದ ಐಸು, ಅದರ ಸುತ್ತ ಮರದ ಹೊಟ್ಟು. ಚನ್ನಮಲ್ಲಮ್ಮ ಒಂದೇ ಮಾತು ಹೇಳಿ ಕಳಿಸಿದ್ದರು: "ಬೆಳಗಾಗೋದ್ರೊಳಗೆ ಕಲ್ಲಾಗಿರುತ್ತೆ. ನಾಳೆ ಮಧ್ಯಾಹ್ನ ನಾನೇ ಬಂದು ತಗೊಂಡು ಹೋಗಿ, ನೆರಳಲ್ಲಿಟ್ಟು ನಿಧಾನವಾಗಿ ಕರಗಿಸ್ತೀನಿ. ಬಿಸಿ ಮಾತ್ರ ತಾಗಿಸಬೇಡಿ."

ಕೇಕೆಂದ ಮೇಲೆ ಮೊಟ್ಟೆ ಇದ್ದೇ ಇರುತ್ತದೆ ಎಂಬುದು ರೇಣುಕಯ್ಯನಿಗೆ ಗೊತ್ತಿತ್ತು. ಅವನ ತಾಯಿ ಕರಿಬಸಮ್ಮನೋ, ಬೀದಿಯಲ್ಲಿ ಮೊಟ್ಟೆಯ ಚಿಪ್ಪು ಕಂಡರೂ ಮನೆಗೆ ಬಂದು ತಲೆಗೆ ನೀರು ಹುಯ್ದುಕೊಳ್ಳುವವಳು. ಪೂಜೆಯ ಗೂಡಿಗೆ ಮಾರು ದೂರದಲ್ಲಿ ಮೊಟ್ಟೆ ಕೂತಿದೆಯೆಂದು ಅವಳಿಗೆ ತಿಳಿದರೆ ಮಗನ ಮುಖ ನೋಡುವಳೇ? ಹೇಳೋಣವೆಂದರೆ ಅವ್ವನ ಭಯ, ಪೆಟ್ಟಿಗೆ ವಾಪಸು ಕಳಿಸೋಣವೆಂದರೆ ಅಮಲ್ದಾರರ ಭಯ. ಕೊನೆಗೆ, "ಸರ್ಕಾರದ ಸಾಮಾನು ಕಣವ್ವಾ, ಮುಟ್ಟಬ್ಯಾಡ," ಎಂದಷ್ಟೇ ಹೇಳಿದ. ಹೆತ್ತ ತಾಯಿಗೆ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯಾಗಿ ಆ ರಾತ್ರಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಬೆಳಗ್ಗೆ ಡಬ್ಬಿ ತೆರೆದು ನೋಡಿದ. ಕೇಕು ನಿಜಕ್ಕೂ ಕಲ್ಲಾಗಿತ್ತು. ಬೆರಳಲ್ಲಿ ತಟ್ಟಿದರೆ ಟಣ್ ಎನ್ನುತ್ತಿತ್ತು. ಸಮಾಧಾನದಿಂದ ಮುಚ್ಚಳ ಹಾಕಿ ತಿರುಗಿದರೆ ಬಾಗಿಲಲ್ಲಿ ಪಕ್ಕದ ಮನೆಯ ಹೊನ್ನಕ್ಕ ದವಡೆ ಹಿಡಿದುಕೊಂಡು ನಿಂತಿದ್ದಳು.

"ರೇಣುಕಣ್ಣಾ, ನಿಮ್ಮನೇಗೆ ಐಸು ಬಂದೈತಂತೆ? ಹಲ್ಲುನೋವು ಕಣಣ್ಣ, ಪ್ರಾಣ ಹೋಯ್ತಾ ಐತೆ. ಒಂದು ಚೂರು ಕೊಡು, ಅದುಮಿ ಇಟ್ಕಂತೀನಿ."

ಕೊಡದಿದ್ದರೆ ಬೀದಿಗೆಲ್ಲ ಸಾರುತ್ತಾಳೆ. ಕೊಟ್ಟ, ಕೊಟ್ಟದ್ದನ್ನೂ ಅವಳು ಸಾರಿದಳು. ಅದೇ ಬೀದಿಯ ಓಬಳಯ್ಯ ಕಾಹಿಲೆಯ ಹೆಂಡತಿಯ ಹಣೆಗೆಂದು ಚೊಂಬು ತಂದ. ಎದುರುಮನೆಯ ಮುದುಕ, "ಸಾಯೋದ್ರೊಳ್ಗೆ ಒಂದ್ಸಲ ಮುಟ್ಟಿ ನೋಡ್ಬುಡ್ತೀನಿ ಕಣ್ಲಾ," ಎಂದು ಮುಟ್ಟಿದವನು, "ಅಯ್ಯಯ್ಯೋ, ಸುಡ್ತೈತೆ!" ಎಂದು ಕೈ ಕೊಡವಿ, ಸುಡುವ ಆ ತುಂಡನ್ನೇ ಪಂಚೆಯಲ್ಲಿ ಕಟ್ಟಿಕೊಂಡು ಹೋದ. ಇಲ್ಲವೆನ್ನುವ ಎದೆ ರೇಣುಕಯ್ಯನಿಗೆ ಇರಲಿಲ್ಲ. ಹೊತ್ತೇರುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಉಳಿದದ್ದು ಉಪ್ಪುನೀರು, ಅದರಲ್ಲಿ ತೇಲುವ ಡಬ್ಬಿ.

ಇನ್ನೊಂದು ಗಡ್ಡೆ ಐಸು ಬಂದೀತೇನೋ ಎಂದು ಅವನು ಕೋಟು ತೊಟ್ಟು ಬಸ್ಸು ನಿಲ್ಲುವಲ್ಲಿಗೆ ಓಡಿದ. ಬೆಂಗಳೂರು ಬಸ್ಸು ಬಂತು, ಐಸು ಬರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಮನೆಗೆ ಮರಳಿದರೆ ಬೀದಿಯ ತುದಿಗೇ ಬೆಣ್ಣೆ ಏಲಕ್ಕಿಗಳ ಘಮಲು ಬಡಿಯಿತು. ಅವನು ಮತ್ತೆ ಓಡಿದ.

ಅಂದು ಸೋಮವಾರ, ಮಠದ ಅಡವಯ್ಯಸ್ವಾಮಿಗಳು ಅವರ ಮನೆಗೆ ಊಟಕ್ಕೆ ಬರುವ ದಿನ. ಗಾಬರಿಯಲ್ಲಿ ಅದು ಮರೆತೇ ಹೋಗಿತ್ತು. ಸ್ವಾಮಿಗಳು ಎಲೆಯ ಮುಂದೆ ಕೂತಿದ್ದರು. ಹೊನ್ನಕ್ಕ, ಓಬಳಯ್ಯ ಅಂಗಳದಲ್ಲಿ ನಿಂತು ಪ್ರಸಾದ ಮೆಲ್ಲುತ್ತಿದ್ದರು.

"ಬಾರೋ ರೇಣುಕಾ," ಎಂದಳು ಕರಿಬಸಮ್ಮ ನಗುತ್ತ. "ಸರ್ಕಾರದ ಸಾಮಾನು ಅಂದ್ಯಲ್ಲ, ನೀರಾಗೆ ತೇಲ್ತಾ ಇದ್ದ ಡಬ್ಬಿ ತೆಗೆದ್ರೆ ಅಮಲ್ದಾರ್ರ ಮನೆ ಸಿಹಿ! ಕೆಟ್ಟೋಗೋ ಬದ್ಲು ಸ್ವಾಮಿಗಳ ಎಲೆಗೆ ಬೀಳ್ಲಿ ಅನ್ನಿಸ್ತು. ಮುಟ್ಟಿದ್ರೆ ಕಲ್ಲು! ತಂಗಳು ಆಗೈತೆ ಅಂದ್ಕಂಡು ಕಡುಬಿನ ಜತೆ ಹಬೇಲಿ ಇಟ್ಟೆ. ನೋಡು, ಹೆಂಗೆ ಅರಳೈತೆ! ಸ್ವಾಮಿಗಳಿಗೆ ಬಲು ಹಿಡಿಸ್ತು."

"ಇನ್ನೊಂದು ತುಂಡು ಹಾಕವ್ವ," ಎಂದರು ಅಡವಯ್ಯನವರು.

ರೇಣುಕಯ್ಯ ಲೆಕ್ಕ ಹಾಕಿದ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ತನ್ನ ಮನೆಯಲ್ಲಿ, ತನ್ನ ತಾಯಿಯ ಕೈಯಿಂದ, ಸ್ವಾಮಿಗಳ ಬಾಯಿಗೆ ಮೊಟ್ಟೆ!

"ಬುದ್ಧೀ, ಬ್ಯಾಡಿ!" ಎಂದು ಕಿರುಚಿ ಸ್ವಾಮಿಗಳ ಕಾಲಿಗೆ ಬಿದ್ದ. "ಅದ್ರಾಗೆ ಮೊಟ್ಟೆ ಐತೆ! ಗೊತ್ತಿದ್ದೂ ಅವ್ವಂಗೆ ಹೇಳ್ಲಿಲ್ಲ. ನಾನು ಪಾಪಿ!"

ಸ್ವಾಮಿಗಳ ಕೈ ನಡುದಾರಿಯಲ್ಲೇ ನಿಂತಿತು. ಕರಿಬಸಮ್ಮ ಸೌಟು ಬಿಟ್ಟು ಗೋಡೆಗೆ ಹಣೆ ಚಚ್ಚಿಕೊಂಡಳು. ಓಬಳಯ್ಯ ಗಂಟಲಿಗೆ ಬೆರಳು ಹಾಕಿಕೊಂಡು ಹಿತ್ತಿಲಿಗೆ ಓಡಿದ. ಹೊನ್ನಕ್ಕ ಹಲ್ಲುನೋವು ಮರೆತು ಬೀದಿಗೆ ಹಾರಿ, "ಅಮಲ್ದಾರ್ರ ಮನೇಲಿ ಮೊಟ್ಟೆ ಬೇಯಿಸ್ತಾರಂತೆ ಕಣ್ರೋ!" ಎಂದು ಕೂಗಿದಳು. ಅವಳು ಕೂಗಿದ್ದು ಕೇಕು ಕೊಂಡೊಯ್ಯಲು ಬರುತ್ತಿದ್ದ ಚನ್ನಮಲ್ಲಮ್ಮನವರ ಮುಖದೆದುರಿಗೇ.

ಆಕೆ ಕೆಂಡವಾಗಿ ಒಳಗೆ ಬಂದರು.

"ಯಾರು ರೇಣುಕಯ್ಯ ಹೇಳಿದ್ದು? ನಾವೇನು ಲಿಂಗ ಕಟ್ಟದೋರಾ? ಮಜ್ಜಿಗೆ, ಬೆಣ್ಣೆ, ಚಿಟಿಕೆ ಸೋಡ. ಅಷ್ಟೇ ಹಾಕಿ ಮಾಡಿದ್ದು! ಬರೋ ಸಾಹೇಬರೂ ಮೊಟ್ಟೆ ಮುಟ್ಟೋರಲ್ಲ!"

ಮನೆಗೆ ಮನೆಯೇ ಉಸಿರು ಬಿಟ್ಟಿತು. ಕರಿಬಸಮ್ಮ ಕಣ್ಣೊರೆಸಿಕೊಂಡಳು. ಅಡವಯ್ಯನವರು ಶಿವನಾಮ ನುಡಿದು, ನಿಂತಿದ್ದ ಕೈಯನ್ನು ಬಾಯಿಯವರೆಗೂ ಸಾಗಿಸಿದರು. ಸ್ವಾಮಿಗಳ ಎಲೆಗೆ ಬಿದ್ದದ್ದನ್ನು ವಾಪಸು ಕೇಳುವ ಹಾಗಿಲ್ಲವೆಂದು ಚನ್ನಮಲ್ಲಮ್ಮ ಖಾಲಿ ಡಬ್ಬಿಯನ್ನಷ್ಟೇ ಎತ್ತಿಕೊಂಡರು. ರೇಣುಕಯ್ಯ ತಪ್ಪಾಯಿತೆಂದು ಕೈಮುಗಿದು ಎದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಷ್ಟು ಜನರೆದುರು ತಾನೇ ಮಂಕನಾದೆನಲ್ಲ ಎಂದು ಅವನಿಗೆ ಕೆಡುಕೆನಿಸಿತು.

"ಅಲ್ಲ ಅಮ್ಮಾವ್ರೇ," ಎಂದ ರೋಷದಿಂದ. "ಮಜ್ಜಿಗೆ ಹಾಕಿದ್ರೆ ಕೇಕು ಇಷ್ಟು ಮೆತ್ತಗೆ ಎಲ್ಲಾದ್ರೂ ಬರ್ತದಾ? ಮೊಟ್ಟೆ ಹಾಕಿದ್ರೇನೇ ಒಳಗೆ ಹತ್ತಿಯಂಗೆ ಹಗುರಾಗೋದು, ನಾಲಿಗೆ ಮ್ಯಾಲಿಟ್ರೆ ಕರಗೋದು. ಬೆಂಗ್ಳೂರು ದಂಡಿನ ಬೇಕರೀನಾಗೆ ನಾನೇ ಎಷ್ಟು ಸಲ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡ. ಹಿತ್ತಿಲಿಂದ ಬಂದ ಓಬಳಯ್ಯ ಬಾಯಿ ಒರೆಸಿಕೊಳ್ಳುವುದನ್ನು ಮರೆತು ನಿಂತ.

"ನೀನೇ ಎಷ್ಟು ಸಲ?" ಎಂದಳು ಕರಿಬಸಮ್ಮ, ಮೆಲ್ಲಗೆ.

ರೇಣುಕಯ್ಯ ನೆಲ ನೋಡಿದ. ನೆಲ ಬಾಯಿ ಬಿಡಲಿಲ್ಲ. ತಾಯಿ ಅವನ ಎಲೆ, ಚೊಂಬು, ಚಾಪೆಗಳನ್ನು ತಂದು ಜಗಲಿಯ ಮೇಲಿಟ್ಟಳು. ಅವನು ತಲೆ ತಗ್ಗಿಸಿ ಅಲ್ಲಿಗೆ ನಡೆದ.

ಒಳಗೆ ಕೇಕಿನ ಕೊನೆಯ ತುಂಡೊಂದು ಉಳಿದಿತ್ತು. ಎಷ್ಟಾದರೂ ಹೆತ್ತ ಕರುಳು. ಕರಿಬಸಮ್ಮ ಅದನ್ನು ಎತ್ತಿಕೊಂಡು ಜಗಲಿಯತ್ತ ಎರಡು ಹೆಜ್ಜೆ ಇಟ್ಟಳು. ಅಡವಯ್ಯನವರು ಕೈ ಅಡ್ಡ ಹಿಡಿದರು.

"ತಡಿಯವ್ವ, ಅವನಿಗೆ ಕೊಡಬ್ಯಾಡ. ಅದು ಮೊಟ್ಟೆ ಹಾಕದ್ದು," ಎಂದು ತಮ್ಮ ಎಲೆ ಮುಂದಕ್ಕೆ ಸರಿಸಿದರು.